ಚಿನ್ನದ ಪ್ಯಾಂಟಿಗಾಗಿ ಉಳಿದವರು, ಹೊರಗಿನಿಂದ ಬಂದವರು

ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ನೆಲೆ ನಿಂತವರಿಗೆ ವರ್ಷದ ಲೆಕ್ಕವೇ ಬೇರೆ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಶನಿವಾರದ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳು. ಚಳಿ ಬಲಿತ ಮೇಲೆ ಯಾವ ಹುಡುಗ ಯಾವ ಕಾಲೇಜು ಬಿಟ್ಟ, ಯಾರು ನಮ್ಮಲ್ಲಿಗೆ ಬರುತ್ತಿದ್ದಾರೆ ಎಂಬ ಮಾತು. ಏಪ್ರಿಲ್ ಕೊನೆಯಲ್ಲಿ, ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್. ಕಚೇರಿಯ ಊಟದ ಕೋಣೆ, ಮಗಳ ಶಾಲೆಯ ಗೇಟು, ಹಲ್ಲಿನ ವೈದ್ಯರ ಕುರ್ಚಿ, ಎಲ್ಲಿ ಕುಳಿತರೂ ಇದೇ ಸುದ್ದಿ. ಇಷ್ಟೆಲ್ಲ ಆಗುವುದು ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ತಂಡದ ಸುತ್ತ, ಒಹಾಯೊ ಸ್ಟೇಟ್ ಬಕೈಸ್ ತಂಡದ ಸುತ್ತ.

ದಾವಣಗೆರೆಯಲ್ಲಿರುವ ನನ್ನ ತಮ್ಮನಿಗೆ ಇದನ್ನು ನಂಬಿಸುವುದು ಕಷ್ಟವಾಗಿತ್ತು. ಕಾಲೇಜು ಹುಡುಗರ ಆಟಕ್ಕೆ ಅಷ್ಟು ಜನ ಸೇರುತ್ತಾರೆಯೇ ಎಂದು ಕೇಳಿದ. ಒಲೆಂಟಾಂಜಿ ನದಿಯ ದಡದಲ್ಲಿರುವ ಒಹಾಯೊ ಸ್ಟೇಡಿಯಂ ಕಟ್ಟಿದ್ದು 1922ರಲ್ಲಿ. ಕುದುರೆ ಲಾಳದ ಆಕಾರ, ಒಂದು ಲಕ್ಷಕ್ಕೂ ಹೆಚ್ಚು ಆಸನ. ಪಂದ್ಯದ ದಿನ ಅದು ತುಂಬುತ್ತದೆ. ಟಿಕೆಟ್ ಸಿಗದವರು ಲೇನ್ ಅವೆನ್ಯೂ ಬದಿಯಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಒಲೆ ಹೊತ್ತಿಸಿ, ಟಿವಿ ಇಟ್ಟುಕೊಂಡು ಅಲ್ಲೇ ನೋಡುತ್ತಾರೆ. ಒಬ್ಬರು "ಓ-ಎಚ್" ಎಂದು ಕೂಗಿದರೆ ಗುರುತು ಪರಿಚಯವಿಲ್ಲದ ಇನ್ನೊಬ್ಬರು "ಐ-ಓ" ಎಂದು ಮುಗಿಸುತ್ತಾರೆ. ವಿಮಾನ ನಿಲ್ದಾಣದಲ್ಲೂ ಈ ಕೂಗಿಗೆ ಉತ್ತರ ಬರುತ್ತದೆ.

ಆಟವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಉದ್ದನೆಯ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಲೋ ಎಸೆಯುತ್ತಲೋ ಎದುರಾಳಿಯ ಕೊನೆಯ ಗೆರೆಯತ್ತ ಸಾಗಬೇಕು. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ದಾಟಿದರೆ ಇನ್ನೂ ನಾಲ್ಕು ಪ್ರಯತ್ನ ಸಿಗುತ್ತವೆ. ದಾಟದಿದ್ದರೆ ಚೆಂಡು ಎದುರಾಳಿಯ ಪಾಲು. ಯಾರು ಎಲ್ಲಿ ಓಡಬೇಕೆಂದು ನಿರ್ದೇಶಿಸಿ ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಹದಿನೈದು ನಿಮಿಷಗಳ ನಾಲ್ಕು ಭಾಗಗಳ ಆಟ ಮುಗಿಯಲು ಮೂರೂವರೆ ಗಂಟೆ ಬೇಕು. ನಡುನಡುವೆ ನಿಲುಗಡೆ ಬಹಳ, ಹಾಗಾಗಿ ಮಾತಿಗೂ ಜಾಗ ಬಹಳ. ನಾನು ಈ ಆಟಕ್ಕೆ ಮನಸೋತದ್ದು ಆ ನಿಲುಗಡೆಗಳಲ್ಲೇ. ಮುಂದೆ ಏನು ಮಾಡುತ್ತಾರೆ ಎಂದು ಎಲ್ಲರೂ ಊಹಿಸುವ ಆ ಅರ್ಧ ನಿಮಿಷ ನನಗೆ ಬಹಳ ಇಷ್ಟ.

ನಾವು ಹೆಚ್ಚಾಗಿ ನೋಡುವುದು ಪಕ್ಕದ ಮನೆಯ ಗ್ಯಾರೇಜಿನಲ್ಲಿ. ಆ ಮನೆಯ ಹಿರಿಯರು ಶಾಲಾ ಶಿಕ್ಷಕರಾಗಿ ನಿವೃತ್ತರಾದವರು. ಹುಡುಗನಾಗಿದ್ದಾಗ ತಂದೆಯ ಕೈ ಹಿಡಿದು ಕ್ರೀಡಾಂಗಣಕ್ಕೆ ಹೋದವರು. ಅವರ ಪತ್ನಿ ಕಡಲೆಕಾಯಿ ಬೆಣ್ಣೆಯ ಉಂಡೆಯನ್ನು ಚಾಕೊಲೇಟಿನಲ್ಲಿ ಅದ್ದಿ ಮಾಡುವ ಬಕೈ ಮಿಠಾಯಿ ತರುತ್ತಾರೆ. ಈ ನಾಡಿನ ಬಕೈ ಮರದ ಬೀಜ ನೋಡಲು ಹಾಗೆಯೇ ಇರುತ್ತದೆ. ನಾವು ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಒಯ್ಯುತ್ತೇವೆ. ಪಂದ್ಯಕ್ಕೆ ಮುಂಚೆ ವಾದ್ಯವೃಂದ ಮೈದಾನದ ಮೇಲೆ ನಡೆಯುತ್ತ 'ಒಹಾಯೊ' ಎಂದು ಕೂಡಿಸಿ ಬರೆದ ಅಕ್ಷರಗಳ ರೂಪ ತಾಳುತ್ತದೆ. 1936ರಿಂದ ಇದು ನಡೆದು ಬಂದಿದೆ. ಭಾರೀ ಸೂಸಫೋನ್ ಹೊತ್ತ ಒಬ್ಬ ವಿದ್ಯಾರ್ಥಿ ಕೊನೆಗೆ ಹೊರಬಂದು 'ಐ' ಅಕ್ಷರದ ಮೇಲೆ ಚುಕ್ಕೆಯಾಗಿ ನಿಂತು ಬಾಗಿ ನಮಿಸುವಾಗ ಗ್ಯಾರೇಜಿನಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ.

ವರ್ಷದ ಕೊನೆಯ ಲೀಗ್ ಪಂದ್ಯ ಮಿಷಿಗನ್ ವಿರುದ್ಧ. ಉತ್ತರಕ್ಕೆ ಮೂರು ಗಂಟೆಯ ಹಾದಿಯಲ್ಲಿರುವ ಆ ವಿಶ್ವವಿದ್ಯಾಲಯದ ಮೇಲಿನ ಹಗೆ ಇಲ್ಲಿ ಎಷ್ಟೆಂದರೆ, ಆ ವಾರ ಕ್ಯಾಂಪಸ್ಸಿನ ಫಲಕಗಳಲ್ಲಿರುವ 'ಎಂ' ಅಕ್ಷರಗಳಿಗೆಲ್ಲ ಕೆಂಪು ಪಟ್ಟಿ ಅಂಟಿಸಿ ಅಡ್ಡಗೆರೆ ಹಾಕುತ್ತಾರೆ. ಮಿಷಿಗನ್‌ನವರೂ ನಮ್ಮ ಹಾಗೆ ಒಂದೊಂದೇ ಕಾಲು ತೂರಿಸಿ ಪ್ಯಾಂಟು ಹಾಕಿಕೊಳ್ಳುವವರು ತಾನೇ ಎಂದು 1934ರಲ್ಲಿ ಕೋಚ್ ಆಗಿ ಬಂದ ಫ್ರಾನ್ಸಿಸ್ ಶ್ಮಿಟ್ ಹುಡುಗರಿಗೆ ಧೈರ್ಯ ತುಂಬಿದ್ದರು. ಆ ವರ್ಷದಿಂದ ಮಿಷಿಗನ್ ವಿರುದ್ಧ ಗೆದ್ದ ತಂಡದ ಪ್ರತಿಯೊಬ್ಬನಿಗೂ ಪ್ಯಾಂಟಿನ ಆಕಾರದ ಪುಟ್ಟ ಚಿನ್ನದ ಪದಕ ಕೊಡುತ್ತಾರೆ. ಇಲ್ಲಿಯ ಆಟಗಾರರು ಅದನ್ನು ಜೀವನಪೂರ್ತಿ ಜೋಪಾನ ಮಾಡುತ್ತಾರೆ.

ಆ ಪದಕವೇ ಒಮ್ಮೆ ಈ ಊರನ್ನು ಅಲುಗಾಡಿಸಿತು. ಕೆಲವು ಆಟಗಾರರು ತಮ್ಮ ಉಂಗುರ, ಜೆರ್ಸಿ, ಚಿನ್ನದ ಪ್ಯಾಂಟು ಮಾರಿ ಹಣ ಪಡೆದರು, ಅಗ್ಗದಲ್ಲಿ ಹಚ್ಚೆ ಹಾಕಿಸಿಕೊಂಡರು ಎಂಬುದು 2010ರ ಡಿಸೆಂಬರಿನಲ್ಲಿ ಹೊರಬಿತ್ತು. ಐವರನ್ನು ಮುಂದಿನ ಋತುವಿನ ಐದು ಪಂದ್ಯಗಳಿಂದ ಹೊರಗಿಟ್ಟರು. ವಿಷಯ ಮೊದಲೇ ತಿಳಿದಿದ್ದೂ ಹೇಳದ ಕೋಚ್ ಜಿಮ್ ಟ್ರೆಸೆಲ್ 2011ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. 2010ರ ಗೆಲುವುಗಳನ್ನು ದಾಖಲೆಯಿಂದ ಅಳಿಸಿದರು. 2012ರಲ್ಲಿ ತಂಡ ಹನ್ನೆರಡಕ್ಕೆ ಹನ್ನೆರಡೂ ಗೆದ್ದರೂ ಮುಂದಿನ ಹಂತ ಆಡಲು ಬಿಡಲಿಲ್ಲ. ಹುಡುಗರು ಮಾರಿದ್ದು ತಾವೇ ದುಡಿದು ಗೆದ್ದ ವಸ್ತುಗಳನ್ನು. ಅದೇ ಹೊತ್ತಿನಲ್ಲಿ ಟಿವಿ ಹಕ್ಕುಗಳಿಂದ ಹಣ ಹರಿಯುತ್ತಿತ್ತು, ಕೋಚ್‌ಗಳು ವರ್ಷಕ್ಕೆ ಹತ್ತಾರು ಲಕ್ಷ ಡಾಲರ್ ಸಂಬಳ ಪಡೆಯುತ್ತಿದ್ದರು. ಆಟಗಾರನಿಗೆ ವಿದ್ಯಾರ್ಥಿವೇತನ ಬಿಟ್ಟರೆ ಬೇರೇನೂ ಸಲ್ಲದು ಎಂಬುದು ಆಗಿನ ನಿಯಮ. ಈ ಕಥೆ ಕೇಳಿದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಪಕ್ಕದ ಮನೆಯ ಹಿರಿಯರಿಗೂ ನನಗೂ ವಾದ ನಡೆಯುವುದು ಇಲ್ಲೇ. ಈಗ ಎಲ್ಲವೂ ಬದಲಾಗಿದೆ. ಮೊದಲು ಕಾಲೇಜು ಬದಲಿಸಿದ ಆಟಗಾರ ಸಾಮಾನ್ಯವಾಗಿ ಒಂದು ಋತು ಆಡದೆ ಕೂರಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಹೊರಡಲು ಮನಸ್ಸು ಮಾಡಿದವನು ಅದರಲ್ಲಿ ಹೆಸರು ಸೇರಿಸಿದರೆ ಬೇರೆ ಕಾಲೇಜುಗಳು ಅವನೊಂದಿಗೆ ಮಾತಾಡಬಹುದು. 2021ರಿಂದ ಒಮ್ಮೆ ಹೀಗೆ ಹೋದರೆ ಕೂರಬೇಕಾಗಿಲ್ಲ ಎಂದಾಯಿತು. 2024ರಿಂದ, ಓದಿನಲ್ಲಿ ಅರ್ಹತೆ ಉಳಿಸಿಕೊಂಡರೆ, ಎಷ್ಟು ಬಾರಿಯಾದರೂ ಹೋಗಬಹುದು. ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸುವ ಹಕ್ಕು 2021ರ ಜುಲೈಯಲ್ಲಿ ಸಿಕ್ಕಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ ವಿಶ್ವವಿದ್ಯಾಲಯಗಳೇ ತಮ್ಮ ಎಲ್ಲ ಕ್ರೀಡಾಪಟುಗಳಿಗೆ ಸೇರಿ ಮೊದಲ ವರ್ಷ ಸುಮಾರು ಎರಡು ಕೋಟಿ ಐದು ಲಕ್ಷ ಡಾಲರ್‌ವರೆಗೆ ಹಂಚಬಹುದಾಗಿದೆ.

ಹಿರಿಯರ ನೋವು ನನಗೆ ಅರ್ಥವಾಗುತ್ತದೆ. ಒಬ್ಬ ಹುಡುಗ ಹದಿನೆಂಟರಲ್ಲಿ ಬಂದು ನಾಲ್ಕು ವರ್ಷ ಕಣ್ಣೆದುರಿಗೆ ಬೆಳೆಯುತ್ತಿದ್ದ. ಈಗ ಹೆಸರು ನೆನಪಾಗುವಷ್ಟರಲ್ಲಿ ಹೊರಟುಹೋಗಿರುತ್ತಾನೆ ಎನ್ನುತ್ತಾರೆ ಅವರು. ನಿಷ್ಠೆ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಕೋಚ್‌ಗಳು ಮೊದಲಿನಿಂದಲೂ ಹೆಚ್ಚು ಸಂಬಳ ಕೊಟ್ಟ ಕಡೆಗೆ ಹೋಗುತ್ತಲೇ ಇದ್ದರು, ಅವರನ್ನು ಯಾರೂ ಒಂದು ವರ್ಷ ಬೆಂಚಿನ ಮೇಲೆ ಕೂರಿಸಲಿಲ್ಲ ಎಂದು ನಾನು ಹೇಳುತ್ತೇನೆ. ನಿಷ್ಠೆಯನ್ನು ಹತ್ತೊಂಬತ್ತರ ಹುಡುಗನಿಂದ ಮಾತ್ರ ವಸೂಲು ಮಾಡುವುದು ಅನ್ಯಾಯ. ಜೋ ಬರ್ರೋ ಇದೇ ಒಹಾಯೊದ ಆಥೆನ್ಸ್ ಕಡೆಯವನು. ಕೊಲಂಬಸ್‌ನಲ್ಲಿ ಅವನಿಗೆ ಮೊದಲ ಕ್ವಾರ್ಟರ್‌ಬ್ಯಾಕಿನ ಸ್ಥಾನ ಸಿಗಲಿಲ್ಲ. ಮೂರು ವರ್ಷದಲ್ಲಿ ಪದವಿ ಮುಗಿಸಿದ್ದರಿಂದ 2018ರಲ್ಲಿ ಲೂಸಿಯಾನಾ ಸ್ಟೇಟ್‌ಗೆ ಹೋಗಿ ತಕ್ಷಣ ಆಡಲು ಸಾಧ್ಯವಾಯಿತು. ಮರುವರ್ಷ ಆ ತಂಡ ಹದಿನೈದಕ್ಕೆ ಹದಿನೈದೂ ಗೆದ್ದಿತು. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಬರ್ರೋಗೆ ಬಂತು. ಆ ವೇದಿಕೆಯಲ್ಲಿ ನಿಂತು ಅವನು ತನ್ನೂರಿನ ಹಸಿದ ಮಕ್ಕಳ ಬಗ್ಗೆ ಮಾತಾಡಿದ, ಅಲ್ಲಿಯ ಆಹಾರ ನಿಧಿಗೆ ದೇಣಿಗೆ ಹರಿದುಬಂತು. ಬಿಟ್ಟುಹೋದವನು ಊರನ್ನು ಮರೆತಿರಲಿಲ್ಲ.

ನಮ್ಮವರಿಗೆ ಕರುಣ್ ನಾಯರ್ ಉದಾಹರಣೆ ಕೊಟ್ಟರೆ ಸಾಕು. ಟೆಸ್ಟ್‌ನಲ್ಲಿ ಮುನ್ನೂರು ದಾಟಿದವನಿಗೆ ಕರ್ನಾಟಕ ತಂಡದಲ್ಲೇ ಜಾಗವಿಲ್ಲದಾಗ ಅವನು ವಿದರ್ಭಕ್ಕೆ ಹೋದ, 2024-25ರ ರಣಜಿ ಫೈನಲ್‌ನಲ್ಲಿ ಶತಕ ಬಾರಿಸಿ ಅವರಿಗೆ ಟ್ರೋಫಿ ಗೆದ್ದುಕೊಟ್ಟ, ಭಾರತ ತಂಡಕ್ಕೆ ಮರಳಿದ, ಆಮೇಲೆ ಕರ್ನಾಟಕಕ್ಕೂ ಬಂದ. ಅವನು ದ್ರೋಹಿ ಎಂದು ದಾವಣಗೆರೆಯಲ್ಲಿ ಯಾರಾದರೂ ಹೇಳುತ್ತಾರೆಯೇ ಎಂದು ತಮ್ಮನನ್ನು ಕೇಳಿದೆ. "ಇಲ್ಲ ಅಕ್ಕಾ, ಹೋಗಲು ಬಿಟ್ಟವರನ್ನು ಬೈಯುತ್ತೇವೆ" ಎಂದ. ಹಿರಿಯರಿಗೆ ಇದನ್ನು ಅನುವಾದಿಸಿ ಹೇಳಿದೆ. ಬಹಳ ಹೊತ್ತು ನಕ್ಕರು, ವಾದ ಮಾತ್ರ ಬಿಡಲಿಲ್ಲ.

2024ರ ತಂಡ ನಮ್ಮಿಬ್ಬರ ವಾದವನ್ನೂ ಮೈದಾನಕ್ಕೆ ತಂದಿತು. 2021ರಲ್ಲಿ ಸೇರಿದ ಜ್ಯಾಕ್ ಸಾಯರ್, ಎಮೆಕಾ ಎಗ್ಬುಕಾ, ಟ್ರೆವಿಯಾನ್ ಹೆಂಡರ್ಸನ್, ಜೆ.ಟಿ. ಟುಯಿಮೊಲೊವಾವು, ಇವರೆಲ್ಲ ಮೂರು ವರ್ಷ ಮುಗಿಸಿ ಡ್ರಾಫ್ಟಿಗೆ ಹೋಗಬಹುದಿತ್ತು. ಹೋಗಲಿಲ್ಲ. ಮಿಷಿಗನ್ ವಿರುದ್ಧ ಒಮ್ಮೆಯೂ ಗೆದ್ದಿರಲಿಲ್ಲ, ಚಿನ್ನದ ಪ್ಯಾಂಟು ಒಬ್ಬನ ಬಳಿಯೂ ಇರಲಿಲ್ಲ. ಅವರ ಜೊತೆ ಹೊರಗಿನಿಂದ ಬಂದವರು: ಕ್ಯಾನ್ಸಸ್ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದ ಕ್ವಾರ್ಟರ್‌ಬ್ಯಾಕ್ ವಿಲ್ ಹಾವರ್ಡ್, ಮಿಸಿಸಿಪಿಯಿಂದ ಕ್ವಿನ್‌ಶಾನ್ ಜಡ್ಕಿನ್ಸ್, ಕೋಚ್ ನಿಕ್ ಸೇಬನ್ ನಿವೃತ್ತರಾದ ಮೇಲೆ ಅಲಬಾಮಾ ಬಿಟ್ಟ ಕೇಲಬ್ ಡೌನ್ಸ್. ನವೆಂಬರ್ 30ರಂದು, ನಮ್ಮದೇ ಮೈದಾನದಲ್ಲಿ, ಆ ವರ್ಷ ಸೊರಗಿದ್ದ ಮಿಷಿಗನ್ ನಮ್ಮನ್ನು 13-10ರಿಂದ ಸೋಲಿಸಿತು. ಗ್ಯಾರೇಜಿನಲ್ಲಿ ಬಜ್ಜಿ ಹಾಗೆಯೇ ಉಳಿಯಿತು. ಹಿರಿಯರು ಟಿವಿ ಆರಿಸಿ ಒಳಗೆ ಹೋದರು.

ಆದರೆ ಆ ವರ್ಷವೇ ಹನ್ನೆರಡು ತಂಡಗಳ ಪ್ಲೇಆಫ್ ಶುರುವಾಗಿತ್ತು, ಹಾಗಾಗಿ ಸೋತವರಿಗೂ ದಾರಿ ಇತ್ತು. ಟೆನೆಸ್ಸಿ, ಓರೆಗನ್ ಎರಡನ್ನೂ ಸದೆಬಡಿದು ಸೆಮಿಫೈನಲ್‌ಗೆ ಬಂದೆವು. 2025ರ ಜನವರಿ 10, ಎದುರಿಗೆ ಟೆಕ್ಸಸ್. ಅವರ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯುವರ್ಸ್ 2021ರಲ್ಲಿ ಒಹಾಯೊ ಸ್ಟೇಟ್ ಸೇರಿ, ಸಾಯರ್ ಜೊತೆ ಒಂದೇ ಕೋಣೆಯಲ್ಲಿದ್ದು, ಆಡಲು ಅವಕಾಶ ಸಿಗದೆ ವರ್ಷದ ಕೊನೆಯಲ್ಲಿ ತನ್ನ ರಾಜ್ಯಕ್ಕೆ ಹೊರಟುಹೋಗಿದ್ದವನು. ಅಂಕ 21-14, ಉಳಿದದ್ದು ಎರಡು ಚಿಲ್ಲರೆ ನಿಮಿಷ, ಟೆಕ್ಸಸ್ ನಮ್ಮ ಗೆರೆಗೆ ಎಂಟು ಗಜ ದೂರದಲ್ಲಿ, ಕೊನೆಯ ಪ್ರಯತ್ನ. ಯುವರ್ಸ್ ಎಸೆಯಲು ಕೈ ಎತ್ತಿದಾಗ ಸಾಯರ್ ಬಂದು ಚೆಂಡನ್ನು ಹೊಡೆದು ಬೀಳಿಸಿ, ಹೆಕ್ಕಿಕೊಂಡು, 83 ಗಜ ಓಡಿದ. ಕೊಲಂಬಸ್ ಹೊರವಲಯದ ಪಿಕರಿಂಗ್ಟನ್‌ನಲ್ಲಿ ಬೆಳೆದ ಹುಡುಗ. ಅವನು ಓಡಿದಷ್ಟು ದೂರವೂ ಹಿರಿಯರು ಟಿವಿಯ ಪಕ್ಕದಲ್ಲಿ ಕೈ ಬೀಸುತ್ತ ಓಡು, ಓಡು ಎನ್ನುತ್ತಿದ್ದರು. ಹತ್ತು ದಿನಗಳ ನಂತರ ಅಟ್ಲಾಂಟದಲ್ಲಿ ನಾಟರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದೆವು. ನಿರ್ಣಾಯಕ ಹೊತ್ತಿನಲ್ಲಿ ಉದ್ದನೆಯ ಎಸೆತ ಎಸೆದವನು ಹೊರಗಿನಿಂದ ಬಂದ ಹಾವರ್ಡ್. ಅವನಿಲ್ಲದೆ ಆ ಟ್ರೋಫಿ ಇಲ್ಲ, ಉಳಿದವರಿಲ್ಲದೆಯೂ ಇಲ್ಲ.

ಏಪ್ರಿಲ್ ಕೊನೆಯಲ್ಲಿ ಗ್ರೀನ್ ಬೇಯಲ್ಲಿ ಮೂರು ದಿನ ಡ್ರಾಫ್ಟ್ ನಡೆಯಿತು. ಐಪಿಎಲ್ ಹರಾಜು ನೋಡಿದವರಿಗೆ ಇದು ವಿಚಿತ್ರವೆನಿಸಬಹುದು. ಇಲ್ಲಿ ಬೆಲೆ ಕೂಗುವುದಿಲ್ಲ. 32 ವೃತ್ತಿಪರ ತಂಡಗಳು ಸರದಿಯಂತೆ ಏಳು ಸುತ್ತು ಆಯ್ಕೆ ಮಾಡುತ್ತವೆ. ಹಿಂದಿನ ವರ್ಷ ಅತ್ಯಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಹೈಸ್ಕೂಲ್ ಮುಗಿಸಿ ಮೂರು ವರ್ಷವಾಗದವನು ಬರುವಂತಿಲ್ಲ. ಯಾವ ಊರಿಗೆ ಎಂದು ಆಟಗಾರ ಆರಿಸುವಂತಿಲ್ಲ. ಕಾಲೇಜು ಬಿಟ್ಟು ಹೋಗುವ ಸ್ವಾತಂತ್ರ್ಯವನ್ನು ಆಕ್ಷೇಪಿಸುವವರು ಇದನ್ನು ಏಕೆ ಸಹಜವೆಂದು ಒಪ್ಪುತ್ತಾರೋ ನನಗೆ ತಿಳಿಯದು. ಆ ವರ್ಷ ಒಹಾಯೊ ಸ್ಟೇಟ್‌ನಿಂದಲೇ 14 ಜನ ಆಯ್ಕೆಯಾದರು. ಹದಿನೆಂಟನೇ ವಯಸ್ಸಿನಿಂದ ದೇಶವೇ ಕಣ್ಣಿಟ್ಟಿದ್ದ ಯುವರ್ಸ್ ಏಳನೆಯ ಸುತ್ತಿನವರೆಗೆ ಕಾಯಬೇಕಾಯಿತು. ಮಯಾಮಿ ಕರೆದಾಗ ಆ ಗ್ಯಾರೇಜಿನಲ್ಲಿ ನಾವು ಚಪ್ಪಾಳೆ ತಟ್ಟಿದೆವು.

ಈ ಸ್ವಾತಂತ್ರ್ಯದಲ್ಲಿ ನನ್ನನ್ನು ಕಾಡುವುದು ಪೋರ್ಟಲ್‌ನಲ್ಲಿ ಹೆಸರು ಕೊಟ್ಟು ಎಲ್ಲಿಂದಲೂ ಕರೆ ಬಾರದ ಹುಡುಗರು. ಹಳೆಯ ಕಾಲೇಜು ಅವರ ವಿದ್ಯಾರ್ಥಿವೇತನ ನಿಲ್ಲಿಸಬಹುದು. ಕಾಲೇಜು ಬದಲಿಸಿದರೆ ಓದಿದ ಕೋರ್ಸುಗಳೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಡ್ರಾಫ್ಟಿನ ವೇದಿಕೆಗೆ ಎಂದೂ ಹೋಗದ ಇಂಥವರೇ ಹೆಚ್ಚು; ಪದವಿಯೂ ಕೈತಪ್ಪಿದರೆ ಅವರಿಗೆ ಏನು ಉಳಿಯುತ್ತದೆ? ಹಣ ಹಂಚಲು ನಿಯಮ ಬರೆದವರು, ಒಮ್ಮೆ ಕರೆದುಕೊಂಡ ಹುಡುಗನ ಓದು ಮುಗಿಯುವವರೆಗೆ ಶುಲ್ಕ ಕಟ್ಟುವ ನಿಯಮವನ್ನೂ ಬರೆಯಲಿ. ಇದರಲ್ಲಿ ಹಿರಿಯರೂ ನಾನೂ ಒಂದೇ ಮಾತಿನವರು.

2025ರ ನವೆಂಬರಿನಲ್ಲಿ ಅವರ ಊರು ಆ್ಯನ್ ಆರ್ಬರಿಗೇ ಹೋಗಿ ಮಿಷಿಗನ್ ತಂಡವನ್ನು 27-9ರಿಂದ ಸೋಲಿಸಿದೆವು. ಚಿನ್ನದ ಪ್ಯಾಂಟು ಈ ತಂಡದ ಪಾಲಾಯಿತು. ಅದಕ್ಕಾಗಿ ಉಳಿದಿದ್ದ ಸಾಯರ್ ಅಷ್ಟು ಹೊತ್ತಿಗೆ ವೃತ್ತಿಪರ ಆಟಗಾರನಾಗಿದ್ದ. ಡ್ರಾಫ್ಟಿನ ನಾಲ್ಕನೆಯ ಸುತ್ತಿನಲ್ಲಿ ಅವನನ್ನು, ಆರನೆಯದರಲ್ಲಿ ಹಾವರ್ಡನನ್ನು ಆರಿಸಿದ್ದು ಪಿಟ್ಸ್‌ಬರ್ಗ್. ಹಿರಿಯರ ಕುಟುಂಬವೋ ತಲೆಮಾರುಗಳಿಂದ ಕ್ಲೀವ್‌ಲ್ಯಾಂಡ್ ತಂಡದ ಬೆಂಬಲಿಗರು, ಪಿಟ್ಸ್‌ಬರ್ಗ್ ಅವರಿಗೆ ಬದ್ಧ ವೈರಿ. ಜಡ್ಕಿನ್ಸ್ ಮಾತ್ರ ಕ್ಲೀವ್‌ಲ್ಯಾಂಡಿಗೆ ಬಂದಿದ್ದಾನೆ. ಈಗ ಆ ಎರಡು ತಂಡಗಳು ಎದುರಾದಾಗ ಅವರು ಕ್ಲೀವ್‌ಲ್ಯಾಂಡ್ ಟೋಪಿ ಹಾಕಿಕೊಂಡೇ ಕೂರುತ್ತಾರೆ, ಸಾಯರ್ ಒಳ್ಳೆಯ ಹೊಡೆತ ಹೊಡೆದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಪತ್ನಿ ಕೇಳಿದರೆ, "ಅವನು ನಮ್ಮ ಹುಡುಗ" ಎನ್ನುತ್ತಾರೆ. ಒಂದೇ ಒಂದು ವರ್ಷ ನಮ್ಮಲ್ಲಿದ್ದ ಹಾವರ್ಡನ ಬಗ್ಗೆಯೂ ಅವರು ಹೇಳುವುದು ಇದನ್ನೇ.