ಸ್ಟೆಂಟ್ ಹಾಕದ ಹಂದಿಯೂ ಬೇಕು

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಗೋಡೆ ಸವೆದು ಬಲೂನಿನ ಹಾಗೆ ಉಬ್ಬುವ ಕಾಯಿಲೆ ಇದೆ. ಅನ್ಯೂರಿಸಂ ಅಂತಾರೆ. ಅದಕ್ಕೆ ಹಾಕುವ ಲೋಹದ ಸ್ಟೆಂಟ್‌ಗಳನ್ನು, ಅಂದರೆ ನಾಳದೊಳಗೆ ಕೂರುವ ತಂತಿಜಾಲದ ಕೊಳವೆಗಳನ್ನು, ಮೊದಲು ಹಂದಿ, ಕುರಿಗಳಲ್ಲಿ ಪರೀಕ್ಷಿಸುವುದು ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಸ್ಟೆಂಟ್ ಹಾಕದ ಪ್ರಾಣಿಯನ್ನು ಯಾವತ್ತೂ ಕೈಬಿಡಬೇಡಿ.

ಮನುಷ್ಯರಲ್ಲಿ ಈ ಉಬ್ಬು ವರ್ಷಗಟ್ಟಲೆ ಬೆಳೆಯುತ್ತದೆ. ವಯಸ್ಸು, ಸಿಗರೇಟು, ಬಿಪಿ ಎಲ್ಲ ಸೇರಿರುತ್ತವೆ. ಹಂದಿಯಲ್ಲಿ ಅದನ್ನು ನಾವೇ ಮಾಡಬೇಕು. ನಾಳ ಸೀಳಿ ತೇಪೆ ಹೊಲಿಯುತ್ತೇವೆ, ಇಲ್ಲವೇ ಎಲಾಸ್ಟೇಸ್ ಎಂಬ ಕಿಣ್ವ ಬಿಟ್ಟು, ಗೋಡೆಗೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಕರಗಿಸುತ್ತೇವೆ. ಆದರೆ ಪ್ರಾಣಿ ಎಳೆಯದು, ಗಟ್ಟಿಮುಟ್ಟಾಗಿರುತ್ತದೆ. ಗಾಯ ಬೇಗ ಮಾಯುತ್ತದೆ. ಸ್ಟೆಂಟ್ ಇಲ್ಲದೆಯೂ ಉಬ್ಬು ಬೆಳೆಯದೆ ನಿಂತುಬಿಡಬಹುದು. ಹೋಲಿಸಿ ನೋಡಲು ಸ್ಟೆಂಟ್ ಹಾಕದ ಇನ್ನೊಂದು ಹಂದಿ ಇಲ್ಲದಿದ್ದರೆ ಆ ಹೆಸರೆಲ್ಲ ಸುಮ್ನೆ ಸ್ಟೆಂಟ್‌ಗೆ ಹೋಗುತ್ತದೆ, ಅಲ್ವಾ?

ಹಂದಿ ಬೇಗ ಬೆಳೆಯುತ್ತದೆ ಅನ್ನುವುದೂ ನೆನಪಿರಲಿ. ಮೈ ಜೊತೆಗೆ ನಾಳವೂ ಅಗಲವಾಗುತ್ತದೆ. ಹಾಕಿದ ದಿನ ಸರಿಯಾಗಿ ಕೂತಿದ್ದ ಅಳತೆ ಕೆಲವು ತಿಂಗಳಲ್ಲಿ ಸಡಿಲವಾಗಬಹುದು. ಜಾಸ್ತಿ ದಿನ ನೋಡಬೇಕಿದ್ದರೆ ಚಿಕ್ಕ ತಳಿಯ ಹಂದಿಯೇ ಒಳ್ಳೆಯದು.

ಆಂಜಿಯೋಗ್ರಾಂ ಚೆನ್ನಾಗಿ ಬಂದರೆ ಎಲ್ಲರಿಗೂ ಖುಷಿ. ನನಗೆ ಮಾತ್ರ ಹೊರತೆಗೆದ ನಾಳವನ್ನು ನೋಡುವವರೆಗೆ ಸಮಾಧಾನವಿಲ್ಲ. ಮೊದಲು ಎಕ್ಸ್‌ರೇ ತೆಗೆಯುತ್ತೇವೆ, ತಂತಿ ಎಲ್ಲಾದರೂ ಮುರಿದಿದೆಯಾ ಅಂತ. ಲೋಹ ಒಳಗಿರುವುದರಿಂದ ಮಾಮೂಲಿ ಬ್ಲೇಡ್ ನಡೆಯುವುದಿಲ್ಲ. ರಾಳದಲ್ಲಿ ಗಟ್ಟಿ ಮಾಡಿ, ವಜ್ರದ ಗರಗಸದಲ್ಲಿ ಬಿಲ್ಲೆ ಕೊಯ್ದು, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜುತ್ತೇವೆ. ಮೈಕ್ರೋಸ್ಕೋಪಿನ ಕೆಳಗೆ ತಂತಿಗಳು ಕಪ್ಪು ಚೌಕಗಳಾಗಿ ಕಾಣುತ್ತವೆ. ಒಂದು ಚೌಕ ಒಳಪದರವನ್ನು ಹರಿದು ಒಳಗೆ ನುಗ್ಗಿದ್ದರೆ ಅದರ ಸುತ್ತ ಹೊಸ ಅಂಗಾಂಶ ದಪ್ಪಗೆ ಬೆಳೆದಿರುತ್ತದೆ. ಪಕ್ಕದ ತಂತಿಯ ಮೇಲೆ ತೆಳುವಾದ ಪದರ ಅಷ್ಟೇ. ಇಷ್ಟು ಸಣ್ಣ ವ್ಯತ್ಯಾಸ ಆಂಜಿಯೋಗ್ರಾಂನಲ್ಲಿ ಸಿಗುವುದಿಲ್ಲ.

ಅರ್ಜೆಂಟೀನಾದ ಶಸ್ತ್ರವೈದ್ಯ ಹ್ವಾನ್ ಪರೋಡಿ 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ರೋಗಿಯ ಹೊಟ್ಟೆಯ ಮಹಾಪಧಮನಿಗೆ ಸ್ಟೆಂಟ್-ಗ್ರಾಫ್ಟ್ (ಬಟ್ಟೆಯ ಕೊಳವೆ ಜೋಡಿಸಿದ ಸ್ಟೆಂಟ್) ಹಾಕುವ ಮುಂಚೆ ನಾಯಿಗಳಲ್ಲಿ ಪರೀಕ್ಷಿಸಿದ್ದರು. ತೊಡೆಯ ನಾಳದಿಂದ ಒಳಗೆ ಹೋಗುತ್ತದಾ, ಜಾಗದಲ್ಲಿ ನಿಲ್ಲುತ್ತದಾ, ಅಂಗಾಂಶ ಹೇಗೆ ಸ್ಪಂದಿಸುತ್ತದೆ ಎಂಬುದಕ್ಕೆ ಪ್ರಾಣಿಗಳಲ್ಲಿ ನಂಬುವಂಥ ಉತ್ತರ ಸಿಗುತ್ತದೆ. ಇವಿಷ್ಟನ್ನು ತಿಳಿಯಲೆಂದೇ ಒಂದು ಜೀವವನ್ನು ಬಳಸುತ್ತಿದ್ದೇವೆ. ಹಾಗಾಗಿ ಯಾವ ಪ್ರಶ್ನೆಗೆ ಎಷ್ಟು ಪ್ರಾಣಿ ಎಂದು ಮೊದಲೇ ಬರೆದಿಡಬೇಕು. ಸ್ಟೆಂಟ್ ಹತ್ತು ವರ್ಷ ಬಾಳುತ್ತದಾ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇರಕೂಡದು. ಅದಕ್ಕೆ ಯಂತ್ರವಿದೆ. ಹತ್ತು ವರ್ಷದ ಎದೆಬಡಿತಕ್ಕೆ ಸಮನಾದ ಸುಮಾರು 40 ಕೋಟಿ ಬಡಿತವನ್ನು ಅದು ಕೆಲವೇ ತಿಂಗಳಲ್ಲಿ ಮುಗಿಸುತ್ತದೆ.