ಸರ್ಕಾರದ ಪರ ವಾದ ಮಾಡಿದ ದಿನ

ಕಾನೂನು ಓದುವಾಗ ಒಂದು ಮೂಟ್ ಕೋರ್ಟ್‌ನಲ್ಲಿ, ಅಂದರೆ ವಿದ್ಯಾರ್ಥಿಗಳ ಅಣಕು ನ್ಯಾಯಾಲಯದಲ್ಲಿ, ನನ್ನ ಪಾಲಿಗೆ ಬಂದದ್ದು ಸರ್ಕಾರದ ಪರ. ಹೊರದೇಶಕ್ಕೆ ಯುದ್ಧಕ್ಕೆ ಹೋದ ಸೈನ್ಯ ಅಲ್ಲಿಯ ಜನರನ್ನು ಕೊಂದರೆ, ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ ಅಡಿ ಕೇಸು ನಿಲ್ಲುತ್ತಾ? ನಿಲ್ಲಲ್ಲ ಅಂತ ನಾನು ವಾದಿಸಬೇಕಿತ್ತು. ಆ ಒಪ್ಪಂದ ಕಾಯುವುದು ದೇಶದ ಅಧಿಕಾರ ವ್ಯಾಪ್ತಿಯಲ್ಲಿರುವವರನ್ನು ಮಾತ್ರ.

ನನ್ನ ಬಲ ಬ್ಯಾಂಕೊವಿಚ್ ತೀರ್ಪು. 1999ರ ಏಪ್ರಿಲ್‌ನಲ್ಲಿ ನೇಟೋ ಮಿತ್ರಕೂಟದ ವಿಮಾನಗಳು ಸರ್ಬಿಯಾದ ಬೆಲ್‌ಗ್ರೇಡ್‌ನ ಟಿವಿ ಕೇಂದ್ರದ ಮೇಲೆ ಬಾಂಬ್ ಹಾಕಿದವು. 16 ಜನ ಸತ್ತರು. ಬಾಂಬ್ ಬಿದ್ದ ಮಾತ್ರಕ್ಕೆ ಕೆಳಗಿದ್ದವರು ಆ ದೇಶಗಳ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ ಅಂತ 2001ರಲ್ಲಿ ಈ ಒಪ್ಪಂದದ ಕೇಸು ಕೇಳುವ ಸ್ಟ್ರಾಸ್‌ಬರ್ಗ್ ಕೋರ್ಟ್ ಹೇಳಿತು. ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ರಷ್ಯಾ-ಜಾರ್ಜಿಯಾ ಯುದ್ಧದ ತೀರ್ಪೂ ಆಗಷ್ಟೇ ಬಂದಿತ್ತು. 2008ರ ಆಗಸ್ಟ್‌ನ ಐದು ದಿನದ ಕಾಳಗದಲ್ಲಿ ಯಾರ ಹಿಡಿತವೂ ಇರಲಿಲ್ಲ, ಎಲ್ಲ ಗೊಂದಲ, ಹಾಗಾಗಿ ಅದೂ ವ್ಯಾಪ್ತಿಯ ಹೊರಗೆ. ನನಗಂತೂ ಹಬ್ಬ.

ಜಡ್ಜ್ ಆಗಿ ಕೂತಿದ್ದ ನಮ್ಮ ಮೇಷ್ಟ್ರು ಕೇಳಿದರು: "ಅಂದ್ರೆ, ಹಿಡಿದು ಕೋಳ ಹಾಕಿದ್ರೆ ಅವನಿಗೆ ಹಕ್ಕಿದೆ. ಮೇಲಿಂದ ಬಾಂಬ್ ಹಾಕಿದ್ರೆ ಇಲ್ಲ. ಅಲ್ವಾ?"

"ಹೌದು, ಮೈ ಲಾರ್ಡ್" ಅಂದೆ. ಇನ್ನೇನು ಹೇಳಲಿ, ತೀರ್ಪಿನ ಅರ್ಥವೇ ಅದು.

ಎದುರು ಪಕ್ಷದ ಹುಡುಗಿ ಬ್ರಿಟಿಷ್ ಸೈನ್ಯ ಹಿಡಿದಿದ್ದ ಇರಾಕಿನ ಬಸ್ರಾ ಊರಿನ ಕೇಸು ಹಿಡಿದು ಎದ್ದಳು. 2003ರಲ್ಲಿ ಅಲ್ಲಿ ಸತ್ತ ಆರು ಇರಾಕಿಗಳ ಕೇಸು, ಅಲ್-ಸ್ಕೈನಿ. ಒಬ್ಬ ಹೋಟೆಲ್ ರಿಸೆಪ್ಷನಿಸ್ಟ್. ಬ್ರಿಟಿಷ್ ಸೈನಿಕರ ವಶದಲ್ಲಿದ್ದಾಗ ಸತ್ತ, ಮೈಮೇಲೆ 93 ಗಾಯ. ಇನ್ನೊಬ್ಬಳು ರಾತ್ರಿ ಮನೆಯವರ ಜೊತೆ ಊಟಕ್ಕೆ ಕೂತಿದ್ದ ಹೆಂಗಸು. ಹೊರಗೆ ಗುಂಡಿನ ಚಕಮಕಿ, ಗುಂಡುಗಳು ಒಳಗೆ ಬಂದವು. ಯಾರ ಗುಂಡು? ಸರಿಯಾಗಿ ತನಿಖೆ ಮಾಡಿ ಅನ್ನುವುದಷ್ಟೇ ಮನೆಯವರ ಬೇಡಿಕೆ. ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟಾಗಿದ್ದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಾಧೀಶರು 2007ರಲ್ಲಿ ವಶದಲ್ಲಿ ಸತ್ತವನೊಬ್ಬನನ್ನು ಮಾತ್ರ ಒಪ್ಪಿದರು. 2011ರಲ್ಲಿ ಸ್ಟ್ರಾಸ್‌ಬರ್ಗ್ ಆರೂ ಜನರನ್ನು ಒಪ್ಪಿತು. ಆಗ ಅಲ್ಲಿ ಭದ್ರತೆಯ ಅಧಿಕಾರ ನಡೆಸುತ್ತಿದ್ದದ್ದು ಬ್ರಿಟನ್ನೇ ತಾನೆ?

"ಬಸ್ರಾ ಸೈನ್ಯದ ಕೈಯಲ್ಲಿತ್ತು, ಬೆಲ್‌ಗ್ರೇಡ್ ಇರಲಿಲ್ಲ" ಅಂತ ಉತ್ತರ ಕೊಟ್ಟೆ. ಕಾಳಗಕ್ಕೆ ಜಿನೀವಾ ಒಪ್ಪಂದಗಳಿವೆ, ಗುಂಡು ಹಾರುವ ಜಾಗದಲ್ಲಿ ಪೊಲೀಸ್ ಠಾಣೆಯ ನಿಯಮ ನಡೆಯಲ್ಲ ಅಂತಲೂ ಸೇರಿಸಿದೆ. ಈ ಮಾತಿನಲ್ಲಿ ಹುರುಳಿದೆ, ಈಗಲೂ ಒಪ್ಪುತ್ತೇನೆ. ಆದರೆ ಊಟಕ್ಕೆ ಕೂತಿದ್ದವಳ ಗಂಡ ತಾನೇ ಹೋಗಿ ಬಾಗಿಲು ತಟ್ಟುವಂಥ ಕೋರ್ಟು ಜಿನೀವಾ ಒಪ್ಪಂದಗಳಲ್ಲಿ ಇಲ್ಲ. ಅದನ್ನು ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ವಕೀಲಿಕೆ ಅಂದರೆ ಜಾಸ್ತಿ ಅದೇ.

ಗೆದ್ದದ್ದು ನಮ್ಮ ತಂಡ.

ಇವತ್ತಾಗಿದ್ದರೆ ಸೋಲುತ್ತಿದ್ದೆವೋ ಏನೋ. 2025ರ ಜುಲೈ 9ರಂದು ಅದೇ ಕೋರ್ಟ್ ಉಕ್ರೇನಿನ ಕೇಸಿನಲ್ಲಿ ಬೇರೆ ದಾರಿ ಹಿಡಿಯಿತು. ರಷ್ಯಾದ ಹಿಡಿತದಲ್ಲಿಲ್ಲದ ಊರುಗಳ ಮೇಲಿನ ದಾಳಿಗೂ, 298 ಜನರಿದ್ದ ಎಂಎಚ್17 ವಿಮಾನವನ್ನು ಹೊಡೆದುರುಳಿಸಿದ್ದಕ್ಕೂ ರಷ್ಯಾವನ್ನೇ ಹೊಣೆ ಮಾಡಿತು. ಆದರೆ ರಷ್ಯಾ 2022ರ ಸೆಪ್ಟೆಂಬರ್ 16ಕ್ಕೇ ಆ ಒಪ್ಪಂದದಿಂದ ಹೊರಬಿದ್ದಿದೆ. ಆಮೇಲೆ ಬಿದ್ದ ಬಾಂಬುಗಳನ್ನು ಆ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ.