ಮಲೆನಾಡಿನ ತೋಟದಲ್ಲಿ ಎಮು, ಬೋಯರ್ ಮೇಕೆ: ನೋಡಲು ಹೊರಡುವವರಿಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೆಲವು ಹೋಂಸ್ಟೇಗಳಲ್ಲಿ ಹಸುವಿನ ಕೊಟ್ಟಿಗೆಯ ಪಕ್ಕದಲ್ಲೇ ಎಮು, ಟರ್ಕಿ ಕೋಳಿ, ಗಿನಿ ಕೋಳಿ, ಬೋಯರ್ ಮೇಕೆಗಳನ್ನು ಸಾಕಿದ್ದಾರೆ. ಮಕ್ಕಳನ್ನು ಕರೆದುಕೊಂಡು ನೋಡಿ ಬರೋಣ ಎಂದು ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಮಳೆಗಾಲದಲ್ಲಿ ಹೋಗಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಎಮು ಆಸ್ಟ್ರೇಲಿಯಾದ ಬಯಲಿನ ಹಕ್ಕಿ, ಬೋಯರ್ ಮೇಕೆ ದಕ್ಷಿಣ ಆಫ್ರಿಕಾದ ಒಣನೆಲದ ತಳಿ. ಜಡಿಮಳೆಯ ದಿನಗಳಲ್ಲಿ ಅವು ಮೈ ಮುದುಡಿಕೊಂಡು ಮೂಲೆ ಹಿಡಿದು ನಿಲ್ಲುವುದನ್ನು ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ರಕ್ತ ಹೀರುವ ಉಂಬಳದ (ಜಿಗಣೆಯ) ಕಾಟ ಬೇರೆ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಸಮಯ ಒಳ್ಳೆಯದು. ಎಮು ಮೊಟ್ಟೆಯಿಡುವುದೂ ನಮ್ಮಲ್ಲಿ ಚಳಿಗಾಲದಲ್ಲಿಯೇ.

ನಾವು ಹೋದದ್ದು ಡಿಸೆಂಬರ್ ಕೊನೆಯಲ್ಲಿ, ತೀರ್ಥಹಳ್ಳಿ ಮತ್ತು ಆಗುಂಬೆಯ ನಡುವಿನ ಒಂದು ಅಡಿಕೆ ತೋಟಕ್ಕೆ. ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ತೀರ್ಥಹಳ್ಳಿಗೆ ಬಸ್ಸು, ಮುಂದೆ ಮನೆಯವರೇ ಕಳುಹಿಸಿದ ಜೀಪು. ಡಾಂಬರು ರಸ್ತೆ ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ಸಿಗುವುದು ಅಷ್ಟಕ್ಕಷ್ಟೇ. ದಾರಿಯನ್ನು ಮೊದಲೇ ಕೇಳಿ ಬರೆದುಕೊಳ್ಳಿ.

ಅಂಗಳದಲ್ಲಿ ಚೀಲ ಇಳಿಸುತ್ತಿದ್ದಂತೆಯೇ ಮಗಳು “ಎಮು ಎಲ್ಲಿ?” ಎಂದು ಕೇಳಿದಳು. ಮನೆಯ ಅಕ್ಕ ನಕ್ಕು, “ಹಕ್ಕಿ ಎಲ್ಲಿಗೂ ಓಡಿಹೋಗುವುದಿಲ್ಲ ಪುಟ್ಟಿ, ಮೊದಲು ಮೇಕೆ ಮಲಗುವ ಜಾಗ ನೋಡು ಬಾ” ಎಂದು ಕರೆದುಕೊಂಡು ಹೋದರು. ಅವರು ತೋರಿಸಿದ ಆ ಜಾಗವನ್ನೇ ನಾನು ಎಲ್ಲರಿಗೂ ಹೇಳಬಯಸುತ್ತೇನೆ. ನೆಲದಿಂದ ಆಳೆತ್ತರಕ್ಕೆ ಕಂಬ ನೆಟ್ಟು, ಮೇಲೆ ಅಡಿಕೆ ಮರ ಸೀಳಿದ ದಬ್ಬೆಯನ್ನು ಬೆರಳಗಲ ಸಂದು ಬಿಟ್ಟು ಜೋಡಿಸಿದ್ದರು. ಹಿಕ್ಕೆ, ಮೂತ್ರ ಎಲ್ಲವೂ ಸಂದಿನಿಂದ ಕೆಳಗೆ ಬಿದ್ದು ತೋಟದ ಗೊಬ್ಬರವಾಗುತ್ತದೆ, ಮೇಕೆಯ ಕಾಲು ಒಣಗಿರುತ್ತದೆ. ಒದ್ದೆ ನೆಲದಲ್ಲಿ ನಿಂತ ಮೇಕೆಗೆ ಗೊರಸು ಕೊಳೆಯುತ್ತದೆ, ಕುಂಟತೊಡಗುತ್ತದೆ, ಮೇವು ಬಿಡುತ್ತದೆ. ಕಂದು ತಲೆ, ಬಿಳಿ ಮೈಯ ಆ ದಪ್ಪ ಮೇಕೆಗಳು ಇಲ್ಲಿ ಮರಿ ಹಾಕಿ ಬದುಕಿರುವುದು ಆ ದಬ್ಬೆಯ ನೆಲದ ಮೇಲೆ. ನೀವು ಎಲ್ಲಿಗೆ ಹೋದರೂ ಪ್ರಾಣಿಗಿಂತ ಮೊದಲು ಅದರ ಕಾಲಡಿಯನ್ನು ನೋಡಿ. ಕೆಸರಿದ್ದರೆ, ನಾತವಿದ್ದರೆ, ಆ ಮನೆಯಲ್ಲಿ ಉಳಿಯಲು ದುಡ್ಡು ಕೊಡಬೇಡಿ.

ಎಮು ಇದ್ದದ್ದು ತೋಟದಾಚೆಯ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ತಂತಿ ಬೇಲಿಯ ಒಳಗೆ. ಹೆಣ್ಣು ಹಕ್ಕಿ ಕುತ್ತಿಗೆಯ ಗಾಳಿಚೀಲದಿಂದ ಹೊರಡಿಸುವ ಸದ್ದು ದೂರದಲ್ಲಿ ಡೊಳ್ಳು ಬಡಿದಂತೆ ಕೇಳಿಸುತ್ತಿತ್ತು. ಸೋಗೆ ಹೊದಿಸಿದ ಮಾಡಿನ ಕೆಳಗೆ ದರಗಿನ (ಒಣಗಿದ ಎಲೆಗಳ) ಮೇಲೆ ಕಾವಿಗೆ ಕುಳಿತಿದ್ದದ್ದು ಗಂಡು. ಎಮುವಿನಲ್ಲಿ ಮೊಟ್ಟೆಯಿಟ್ಟ ಮೇಲೆ ಹೆಣ್ಣಿನ ಕೆಲಸ ಮುಗಿಯಿತು. ಸುಮಾರು ಎಂಟು ವಾರ ಗಂಡೇ ಕಾವು ಕೊಡುತ್ತದೆ, ಆ ದಿನಗಳಲ್ಲಿ ಮೇವು ನೀರು ಮುಟ್ಟುವುದೇ ಅಪರೂಪ. ಅದು ಒಮ್ಮೆ ಎದ್ದು ಕೊಕ್ಕಿನಿಂದ ಮೊಟ್ಟೆ ಹೊರಳಿಸಿದಾಗ ಕಡುಹಸಿರು ಬಣ್ಣದ, ಒರಟು ಚಿಪ್ಪಿನ ಮೊಟ್ಟೆಗಳು ಕಂಡವು. ಮಗಳು ಬೇಲಿಯ ಹೊರಗೆ ಬಿದ್ದಿದ್ದ ಗರಿಯೊಂದನ್ನು ಎತ್ತಿಕೊಂಡಳು: ಒಂದೇ ಬುಡದಿಂದ ಎರಡು ಗರಿ! ಎಮುವಿನ ಗರಿ ಹಾಗೆಯೇ ಇರುತ್ತದೆ. ಕಾವಿಗೆ ಕುಳಿತ ಗಂಡಿನ ಹತ್ತಿರ ಮಕ್ಕಳನ್ನು ಬಿಡಬೇಡಿ, ಅದು ಮುಂದಕ್ಕೆ ಒದೆಯುತ್ತದೆ, ಉಗುರು ಹರಿತ.

ಮನೆಯಲ್ಲಿ ದನ, ಮೇಕೆ ಇರುವವರು ಹೋಗುವುದಾದರೆ ಚಪ್ಪಲಿ ತೊಳೆದುಕೊಂಡು ಹೋಗಿ, ಬಂದ ಮೇಲೂ ತೊಳೆಯಿರಿ. ಕಾಲುಬಾಯಿ ರೋಗ ಹಬ್ಬುವ ಬಗೆಗಳಲ್ಲಿ ಅದೂ ಒಂದು. ಇನ್ನೊಂದು ಎಚ್ಚರಿಕೆ ಎಲ್ಲರಿಗೂ ಬೇಕು. ಪ್ರವಾಸಕ್ಕೆ ಒಳ್ಳೆಯದಾದ ಈ ತಿಂಗಳುಗಳಲ್ಲೇ ಮಂಗನ ಕಾಯಿಲೆಯ ಕಾಲವೂ ಶುರುವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗಿನ (ಉಣ್ಣೆ ಹುಳುವಿನ) ಕಡಿತದಿಂದ ಬರುತ್ತದೆ. ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ದರಗಿನ ಮೇಲೆ ಕೂರಬೇಡಿ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲ ಹಚ್ಚಿಕೊಳ್ಳಿ, ಸಂಜೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಮಕಾವ್ ಗಿಳಿಯನ್ನು ಭುಜದ ಮೇಲೆ ಕೂರಿಸಿ ಫೋಟೊ ತೆಗೆಸುವ ಜಾಗಗಳಿದ್ದರೆ ಒಂದು ಪ್ರಶ್ನೆ ಕೇಳಿ: ನೋಂದಣಿ ಆಗಿದೆಯೇ? ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದು, 2024ರಲ್ಲಿ ನಿಯಮಗಳೂ ಬಂದಿವೆ. ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಮಕಾವ್, ಇಗುವಾನಾದಂಥ ವಿದೇಶಿ ಜೀವಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಮರಿಯಾದರೂ ತಿಳಿಸಬೇಕು. ನಮ್ಮದೇ ಗಿಳಿಯನ್ನೋ ಚುಕ್ಕೆ ಜಿಂಕೆಯನ್ನೋ ಖಾಸಗಿಯಾಗಿ ಕೂಡಿಹಾಕುವುದಂತೂ ಅಪರಾಧ. ಅಮೆರಿಕದ ಟೆಕ್ಸಾಸ್‌ನಲ್ಲಿ 1930ರ ದಶಕದಿಂದ ಚುಕ್ಕೆ ಜಿಂಕೆ, ಕೃಷ್ಣಮೃಗಗಳನ್ನು ಖಾಸಗಿ ರ‍್ಯಾಂಚುಗಳಲ್ಲಿ ಬೆಳೆಸುತ್ತಿದ್ದಾರೆ. ಬೇಲಿ ದಾಟಿದ ಚುಕ್ಕೆ ಜಿಂಕೆಗಳು ಅಲ್ಲಿನ ಕಾಡಿನಲ್ಲೇ ಸಂಸಾರ ಹೂಡಿವೆ. ಆಫ್ರಿಕಾದ ಕ್ಯಾಟ್‌ಫಿಶ್ ಇಲ್ಲಿನ ಹೊಳೆಗಳಿಗೆ ಇಳಿದರೆ ಆಗುವುದೂ ಅದೇ. ಅದನ್ನು ಸಾಕುವುದಕ್ಕೆ ದೇಶದಲ್ಲಿ 2000ದಿಂದಲೇ ನಿಷೇಧವಿದೆ. ಬೇಲಿ, ಕೆರೆಯ ಏರಿ ಗಟ್ಟಿಯಿಲ್ಲದ ಕಡೆ ಇಂಥ ಜೀವಿಗಳನ್ನು ಕಂಡರೆ ನನಗೆ ತುಂಗೆಯ ಮೀನುಗಳ ಚಿಂತೆ ಹತ್ತುತ್ತದೆ. ಮನೆಯ ಗಾಜಿನ ತೊಟ್ಟಿಯ ಆಮೆಯನ್ನು ಪ್ರವಾಸದ ನೆಪದಲ್ಲಿ ತಂದು ಹೊಳೆಗೆ ಬಿಡುವ ಕೆಲಸವನ್ನು ದಯವಿಟ್ಟು ಯಾರೂ ಮಾಡಬೇಡಿ.

ಸಮಯ ಉಳಿದರೆ ಮನೆಯವರ ಮಲೆನಾಡು ಗಿಡ್ಡ ಹಸುವನ್ನೂ ನೋಡಿ. ಅದೇ ಮಳೆಯಲ್ಲಿ ಬೆಟ್ಟ ಹತ್ತಿ ಮೇದು ಸಂಜೆ ತಾನೇ ಕೊಟ್ಟಿಗೆಗೆ ಬರುತ್ತದೆ. ಹಿಂತಿರುಗುವಾಗ ಸಾಗರ ರಸ್ತೆಯ ತ್ಯಾವರೆಕೊಪ್ಪದ ಹುಲಿ–ಸಿಂಹಧಾಮಕ್ಕೆ ಹೋಗಬಹುದು, ಶಿವಮೊಗ್ಗದಿಂದ ಸುಮಾರು 10 ಕಿಲೋಮೀಟರ್. ಮಂಗಳವಾರ ರಜೆ. ಬೆಳಗ್ಗೆಯೇ ಹೋಗಿ, ಮಧ್ಯಾಹ್ನದ ಬಿಸಿಲಿಗೆ ಪ್ರಾಣಿಗಳು ನೆರಳು ಹಿಡಿದು ಮಲಗಿಬಿಡುತ್ತವೆ.